ಎಡಗೈಗೆ ಸಿಗುವ ಗುಂಡಿ

ನ್ಯಾಮತಿಯಲ್ಲಿ ಕಾರು ಕಲಿಯಬೇಕೆಂದುಕೊಂಡ ಹೆಂಗಸರು ನೇತ್ರಾವತಿಯ ಮನೆ ಕೇಳಿಕೊಂಡು ಬರುತ್ತಾರೆ. ಗೋಡೆಗೆ ಹೊಡೆದಿರುವ ಬೋರ್ಡು ಚಿಕ್ಕದು, ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯ ಮುಂದೆ ನಿಂತಿರುವ ಬಿಳಿಯ ಹಳೇ ಮಾರುತಿ ಕಾರೇ ಗುರುತು. ಅದರ ಹಿಂದೆ ಮುಂದೆ ಕೆಂಪು ಬಣ್ಣದಲ್ಲಿ ‘ಎಲ್’ ಎಂದು ಬರೆದಿದೆ. ಎಡಗಡೆಯ ಸೀಟಿನ ಮುಂದೆ, ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ಆ ಸೀಟಿನಲ್ಲಿ ಕಾಲಿನ ಚಪ್ಪಲಿ ಬಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇತ್ರಾವತಿ ಕೂರುತ್ತಾಳೆ. ಕಲಿಯುವವರು ಎಷ್ಟೇ ಕೂಗಾಡಿದರೂ ಅವಳ ಕೈಗಳು ತೊಡೆಯಿಂದ ಮೇಲೇಳುವುದು ಅಪರೂಪ.

ಮೊದಲು ಆ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವನು ಅವಳ ಗಂಡ ಅಂಜಿನಪ್ಪ. ಮದುವೆ, ಆಸ್ಪತ್ರೆ, ಸೂರಗೊಂಡನಕೊಪ್ಪಕ್ಕೆ ಹೋಗುವ ಯಾತ್ರಿಕರು, ಹೀಗೆ ಬಿಡುವಿಲ್ಲದೆ ದುಡಿದ ಕಾರು. ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಶಿವಮೊಗ್ಗದ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದಾಗ, ಕಾರು ಓಡಿಸಿಕೊಂಡೇ ಹೋಗಿದ್ದ ಅಂಜಿನಪ್ಪ ಅದನ್ನು ಆಸ್ಪತ್ರೆಯ ಎದುರಿಗೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದ. ನೇತ್ರಾವತಿಯ ತಮ್ಮ ನಿಂಗರಾಜ್ ಹೋಗಿ ಕಾರು ತಂದ. ವಾರದೊಳಗೆ ಕೊಳ್ಳುವವರೂ ಬಂದು ಬಾನೆಟ್ ಎತ್ತಿ ನೋಡತೊಡಗಿದರು.

ಕಾಫಿ ತಂದಿಟ್ಟ ನೇತ್ರಾವತಿ ಬಂದವರ ಎದುರಿಗೇ ಗಂಡನಿಗೆ ಹೇಳಿದಳು: “ಮಾರಬ್ಯಾಡ್ರಿ. ನಂಗೆ ಕಲಿಸ್ರಿ.”

ಅಂಜಿನಪ್ಪ ನಗಲಿಲ್ಲ. ಬಂದವರನ್ನು ಕಳಿಸಿ, ಮರುದಿನ ಬೆಳಿಗ್ಗೆ ನಿಂಗರಾಜನಿಂದ ಕಾರನ್ನು ಊರ ಹೊರಗಿನ ಬಯಲಿಗೆ ತರಿಸಿ, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಅವಳು ಸ್ಟೇರಿಂಗನ್ನು ಹಗ್ಗದಂತೆ ಬಿಗಿಹಿಡಿದಳು. ಅವನು ಏನು ಹೇಳಿದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಕೊನೆಗೆ ಬೇಸತ್ತ ಅಂಜಿನಪ್ಪ ಮಾತು ಬಿಟ್ಟು ರೇಡಿಯೋ ಹಾಕಿಕೊಂಡು ಸುಮ್ಮನೆ ಕೂತ. ಯಾವುದೋ ಹಳೆಯ ಹಾಡು ಬರುತ್ತಿತ್ತು. ಬಯಲಿನ ಎರಡನೇ ಸುತ್ತಿಗೆ ಬಂದಾಗ ಆ ಹಾಡಿನ ಸಾಲೊಂದನ್ನು ತಾನು ಗುನುಗುತ್ತಿರುವುದು ನೇತ್ರಾವತಿಯ ಗಮನಕ್ಕೆ ಬಂತು. ಕೈ ನೋಡಿಕೊಂಡಳು. ಬೆರಳು ಸಡಿಲವಾಗಿದ್ದವು, ಕಾರು ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿತ್ತು.

ಅವಳ ಪಾಠದ ಕ್ರಮ ಹುಟ್ಟಿದ್ದು ಹಾಗೆ. ಮುಂದೆ ಲೈಸೆನ್ಸು ತೆಗೆದುಕೊಂಡು, ಕಲಿಸಲು ಬೇಕಾದ ಪರವಾನಗಿಯನ್ನೂ ಪಡೆದು ತರಗತಿ ಶುರು ಮಾಡಿದಾಗ, ಗೇರು ಬ್ರೇಕಿನ ಜೊತೆ ರೇಡಿಯೋ ಕೂಡ ಅವಳ ಪಾಠದ ಭಾಗವಾಯಿತು. ಕಲಿಯುವವಳಿಗೆ ಕಾರು ಒಂದಿಷ್ಟು ಕೈಗೆ ಬಂದ ಮೇಲೆ ಸಣ್ಣ ದನಿಯಲ್ಲಿ ಹಾಡು ಹಾಕುತ್ತಾಳೆ. ಸ್ವಲ್ಪ ದೂರ ಹೋದ ಮೇಲೆ, “ಹಾಡು ಕಿವಿಗೆ ಬಿತ್ತೇನ್ರಿ?” ಎಂದು ಕೇಳುತ್ತಾಳೆ. ಹೆದರಿಕೆ ಇರುವವರಿಗೆ ಬಿದ್ದಿರುವುದಿಲ್ಲ. ಬಿದ್ದ ದಿನ, “ರಸ್ತೆ ಮ್ಯಾಲಿಂದ ಕಣ್ಣು ತೆಗೀದಂಗೆ ದನಿ ಕಡಿಮೆ ಮಾಡ್ರಿ” ಎನ್ನುತ್ತಾಳೆ. ಅಡುಗೆಮನೆಯಲ್ಲಿ ಸಾರು ಕುದಿಯುವುದನ್ನೇ ನೋಡುತ್ತ ಕೈ ಉಪ್ಪಿನ ಡಬ್ಬಿಗೆ ಹೋಗುವುದಿಲ್ಲವೇ, ಹಾಗೆ ಎಡಗೈ ತಾನಾಗಿ ಸ್ಟೀರಿಯೋದ ಗುಂಡಿಗೆ ಹೋಗಬೇಕು. ಅದು ಸಾಧ್ಯವಾದ ಮೇಲೆಯೇ ಅವಳು ಒಬ್ಬಳನ್ನು ಪೇಟೆಯ ರಸ್ತೆಗೆ ಬಿಡುವುದು.

ಕಾರಿನ ಜೊತೆಗೇ ಬಂದಿದ್ದ ಆ ಸ್ಟೀರಿಯೋ ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಕೆಟ್ಟಿತು. ಮೊದಲು ಒಂದು ಬದಿಯ ಸ್ಪೀಕರಿನಲ್ಲಿ ಗೊರಗೊರ ಸದ್ದು, ಆಮೇಲೆ ಎರಡೂ ಬದಿ ಮೌನ. ಬಿಚ್ಚಿ ನೋಡಿದ ಮೆಕ್ಯಾನಿಕ್ಕು ಒಳಗಿನ ಬೋರ್ಡು ಸುಟ್ಟಿದೆ, ಇನ್ನು ಕೈಬಿಡಿ ಎಂದ. ಹೊನ್ನಾಳಿಯಲ್ಲಿ ಕಾರಿನ ಕ್ಲಚ್ ಪ್ಲೇಟ್ ಬದಲಿಸುವುದು ಹೇಗೂ ಇತ್ತು. ನೇತ್ರಾವತಿ ಅಲ್ಲಿ ಟೆಂಪೋ ಓಡಿಸುವ ತಮ್ಮ ನಿಂಗರಾಜನಿಗೆ ಕಾರು ಒಪ್ಪಿಸಿ, “ಹಂಗೇ ಒಂದು ಸೆಟ್ಟೂ ಹಾಕ್ಸು” ಎಂದಳು. ಎಂಥ ಸೆಟ್ಟು ಎಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಕಾರು ಮನೆಗೆ ಬಂದಾಗ ಅದರ ಮುಖವೇ ಬದಲಾಗಿತ್ತು. ಡ್ಯಾಶ್‌ಬೋರ್ಡಿನ ನಡುವೆ, ಮೊದಲಿದ್ದ ಸಣ್ಣ ಕಿಂಡಿಯನ್ನು ಕೊಯ್ದು ಅಗಲ ಮಾಡಿ, ಹಪ್ಪಳದ ಮಣೆಯಷ್ಟು ದೊಡ್ಡ ಪರದೆ ಕೂರಿಸಿದ್ದರು. ಕೀಲಿ ತಿರುಗಿಸಿದರೆ ನೀಲಿ ಬೆಳಕು ಅಲೆಅಲೆಯಾಗಿ ಹರಿಯುತ್ತಿತ್ತು. ಭೂಪಟ ಬರುತ್ತಿತ್ತು, ವಿಡಿಯೋ ಬರುತ್ತಿತ್ತು, ಹಿಂದೆ ಸರಿಯುವಾಗ ಹಿಂದಿನ ರಸ್ತೆ ಕಾಣುತ್ತಿತ್ತು.

“ಹೆಂಗೈತೆ ಅಕ್ಕ?” ಎಂದ ನಿಂಗರಾಜ್. ಅವನ ಮುಖ ಅರಳಿತ್ತು. “ನನ್ ಕಡೆಯಿಂದ ಇದು. ನೀನು ಒಂದ್ ಮಾತೂ ಆಡಂಗಿಲ್ಲ.”

ಕೊಯ್ದ ಡ್ಯಾಶ್‌ಬೋರ್ಡಿನ ಅಂಚನ್ನು ನೇತ್ರಾವತಿ ಬೆರಳಿನಿಂದ ಸವರಿದಳು. ತಮ್ಮನ ಮುಖ ನೋಡಿ, “ಚೆನ್ನಾಗೈತೆ ಕಣೋ” ಎಂದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಷ್ಟು ಸ್ವಚ್ಛವಾದ ದನಿಯನ್ನು ಆ ಕಾರು ಎಂದೂ ಹೊರಡಿಸಿರಲಿಲ್ಲ. ಅಂಜಿನಪ್ಪನಂತೂ ಸಂಜೆಯೆಲ್ಲ ನಿಂತ ಕಾರಿನಲ್ಲಿ ಕೂತು ವಾರ್ತೆ ಕೇಳಿದ. ಹೊಸ ವಸ್ತುವಿಗೆ ಕೈ ಒಗ್ಗಲು ಒಂದಷ್ಟು ದಿನ ಬೇಕು ಎಂದು ನೇತ್ರಾವತಿ ತನಗೆ ತಾನೇ ಹೇಳಿಕೊಂಡಳು.

ಆಗ ಅವಳ ಬಳಿ ಕಲಿಯುತ್ತಿದ್ದವರಲ್ಲಿ ಗಾದ್ರಮ್ಮ ಒಬ್ಬಳು. ಜಗಳೂರು ಕಡೆಯ ರೈತರ ಮನೆಯವಳು. ಮನೆಯಲ್ಲಿ ಈರುಳ್ಳಿ ಸಾಗಿಸಲು ಪಿಕಪ್ ಗಾಡಿ ಇತ್ತು. ಗಂಡ ಚಿತ್ತಪ್ಪ ಒಬ್ಬನೇ ಹೊಲಕ್ಕೂ ಮಾರುಕಟ್ಟೆಗೂ ಓಡಾಡಿ ಸಾಕಾಗುತ್ತಿದ್ದ. ಗಾಡಿ ತಾನೇ ಓಡಿಸುತ್ತೇನೆಂದು ಪಟ್ಟು ಹಿಡಿದ ಗಾದ್ರಮ್ಮ, ಕಲಿಯಲು ನ್ಯಾಮತಿಯ ತಂಗಿಯ ಮನೆಗೆ ಬಂದು ಉಳಿದಿದ್ದಳು. “ನಮ್ಮೂರಾಗೆ ಕಲಿಯಾಕೆ ಹೋದ್ರೆ ಊರಿಗೂರೇ ರಸ್ತೆಗೆ ಬಂದು ನಿಂತ್ಕಂತದೆ. ಹೆಣ್ಣು ಗಾಡಿ ಹತ್ತಿದ್ಲು ಅಂತ” ಎನ್ನುತ್ತಿದ್ದಳು. ಎತ್ತಿನ ಗಾಡಿ ಹೊಡೆದ ಕೈ ಅದು. ಸ್ಟೇರಿಂಗು ಬೇಗ ಒಲಿದಿತ್ತು.

ಹೊಸ ಪರದೆ ಬಂದ ಮೇಲೆ ಪಾಠಗಳು ಯಾಕೋ ಹಳಿ ತಪ್ಪತೊಡಗಿದವು. ಬೆಳಗಿನ ಹೊತ್ತು ಬಿಸಿಲು ಪರದೆಗೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ದನಿ ಕಡಿಮೆ ಮಾಡಿ ಎಂದರೆ ಕಲಿಯುವವರ ಬೆರಳು ನುಣ್ಣನೆಯ ಗಾಜಿನ ಮೇಲೆ ದಾರಿ ಕಾಣದೆ ಓಡಾಡುತ್ತಿತ್ತು. ಬೆರಳಿಗೆ ಗುರುತು ಸಿಗದಿದ್ದರೆ ಕಣ್ಣು ಅತ್ತ ಹೋಗಲೇಬೇಕಲ್ಲ, ಹೋಗುತ್ತಿತ್ತು. ನೇತ್ರಾವತಿಯ ಕಾಲು ದಿನಕ್ಕೆ ಹಲವು ಸಲ ತನ್ನ ಬದಿಯ ಬ್ರೇಕಿನ ಮೇಲೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಗಾದ್ರಮ್ಮ ಸವಳಂಗದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಳು. ಮೆಕ್ಕೆಜೋಳದ ಕಾಲ. ರಸ್ತೆಯ ಎಡಭಾಗವನ್ನು ಹಿಡಿದು ಒಣಗಲು ಜೋಳ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಗಾದ್ರಮ್ಮ ದೂರದಿಂದಲೇ ಅದನ್ನು ನೋಡಿ ಸರಿಯಾಗಿ ಬಲಕ್ಕೆ ತೆಗೆದುಕೊಂಡಳು. ಅದೇ ಹೊತ್ತಿಗೆ ಹಾಡು ಮುಗಿದು ಜಾಹೀರಾತಿನ ಅಬ್ಬರ ಶುರುವಾಯಿತು. ದನಿ ತಗ್ಗಿಸಲು ಅವಳು ಎಡಗೈ ಚಾಚಿದಳು. ಬೆರಳು ಎಲ್ಲಿಗೋ ತಗುಲಿ ಪರದೆಯ ತುಂಬ ಭೂಪಟ ತೆರೆದುಕೊಂಡಿತು. ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿತು. ಗಾದ್ರಮ್ಮ ಬೆಚ್ಚಿ ಅತ್ತ ನೋಡಿದಳು. ನೋಡಿದ ಕಡೆಗೇ ಕೈಯೂ ಹೋಯಿತು. ನೇತ್ರಾವತಿ ಬ್ರೇಕು ಒತ್ತುವಷ್ಟರಲ್ಲಿ ಒಂದು ಕಲ್ಲು ಬಂಪರಿಗೆ ಬಡಿದು, ಮುಂದಿನ ಚಕ್ರಗಳು ಜೋಳದ ಮೇಲೆ ಹತ್ತಿ ನಿಂತಿದ್ದವು.

ಮರದ ನೆರಳಿನಿಂದ ಚೌಡಮ್ಮ ಎಂಬ ಮುದುಕಿ ಜೋಳ ಎಳೆಯುವ ಹಲಗೆ ಹಿಡಿದುಕೊಂಡೇ ಓಡಿಬಂದಳು. “ಏನ್ ಕಣ್ ಕಾಣಲ್ವೇನ್ರಪ್ಪಾ ನಿಮ್ಗೆ? ಇಷ್ಟು ಅಗಲ ರಸ್ತೆ ಬಿಟ್ಟು ನನ್ ಜ್ವಾಳನೇ ಬೇಕಾತೇನು?” ಎಂದು ಕೂಗುತ್ತ ಬಂದವಳು ಒಳಗೆ ಇಬ್ಬರು ಹೆಂಗಸರಿರುವುದನ್ನು ಕಂಡು ಹಲಗೆ ಇಳಿಸಿದಳು. “ಪೆಟ್ಟೇನಾರ ಆತೇನ್ರವ್ವಾ?”

“ಇಲ್ಲ ಅಜ್ಜಿ. ತಪ್ಪಾತು” ಎಂದು ನೇತ್ರಾವತಿ ಇಳಿದು, ಕಾರನ್ನು ತಾನೇ ಹಿಂದಕ್ಕೆ ತೆಗೆದಳು. ಮೂವರೂ ಕೂತು ಚದುರಿದ ಜೋಳ ಒಟ್ಟು ಮಾಡಿದರು. ಬಾಗಿಲು ತೆರೆದಿದ್ದ ಕಾರಿನೊಳಗಿಂದ ಆ ಇಂಗ್ಲಿಷಿನ ಹೆಣ್ಣು ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಎನ್ನುತ್ತಲೇ ಇದ್ದಳು.

“ಯಾರವ್ವ ಅದು ಒಳಗೆ?” ಎಂದಳು ಚೌಡಮ್ಮ.

ನೇತ್ರಾವತಿಗೆ ನಗು ತಡೆಯಲಾಗಲಿಲ್ಲ. ಗಾದ್ರಮ್ಮ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಜೋಳವನ್ನು ರಾಶಿಗೆ ಸುರಿದು ಎದ್ದಳು.

“ನಂಗಿದು ಆಗಲ್ಲ ನೇತ್ರಕ್ಕ. ಅಲ್ಲೊಂದು ಕೂಸು ನಿಂತಿದ್ರೆ ಏನಾಗ್ತಿತ್ತು? ನಾಳೆ ಬಸ್ಸಿಗೆ ಊರಿಗೆ ಹೋಗ್ತೀನಿ.”

“ಊರಿಗೆ ಹೋಗಿ ಏನ್ ಹೇಳ್ತೀರಿ?”

“ನನ್ ಕೈಲಿ ಬರ್ಲಿಲ್ಲ ಅಂತ.”

“ಅದು ಸುಳ್ಳಾಗ್ತತಿ” ಎಂದಳು ನೇತ್ರಾವತಿ. “ಜ್ವಾಳ ಕಂಡ ಕೂಡ್ಲೇ ಬಲಕ್ಕೆ ತಗಂಡ್ರಲ್ಲ, ಅದು ನಿಮ್ ಕೈಯಿ. ಆಮ್ಯಾಲೆ ಆಗಿದ್ದು ಆ ಗಾಜಿನ ಕೆಲ್ಸ. ಗೊತ್ತಿದ್ದೂ ಅದ್ನ ಇಟ್ಕಂಡು ಕಲಿಸಿದ್ದು ನನ್ ತಪ್ಪು. ನಾಲ್ಕು ದಿನ ತಡೀರಿ, ನಾನು ಬ್ಯಾರೆ ಸೆಟ್ಟು ನೋಡ್ತೀನಿ.”

ಅವತ್ತೇ ಮಧ್ಯಾಹ್ನ ಅವಳು ಹೊನ್ನಾಳಿಗೆ ಹೋದಳು. ಟೆಂಪೋಗೆ ಮೂಟೆ ಏರಿಸುತ್ತಿದ್ದ ನಿಂಗರಾಜನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಮೂಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

“ಎಲ್ಲಾರೂ ಇದ್ನೇ ಹಾಕಿಸ್ಕಳಾದು ಅಕ್ಕ. ನಿನ್ ಕಾರು ಹಳೇದು ಅಂತ ಯಾರೂ ಅನ್ನಬಾರ್ದು ಅಂತ ಹಾಕ್ಸಿದೆ. ನಿಂಗೆ ಹೊಸದೇ ಆಗಲ್ಲ.”

“ಹೊಸದು ಬೇಕು ಕಣೋ. ಕಿವಿಗೆ ಕೇಳೋ ಸೆಟ್ಟು ಬೇಕು. ಇದು ಕಣ್ಣು ಕೇಳ್ತೈತೆ. ಕಣ್ಣು ಕೊಡಾಕೆ ನನ್ ಹುಡುಗೀರ ಹತ್ರ ಇರಾದು ಎರಡೇ, ಅವೆರಡೂ ರಸ್ತೆಗೆ ಬೇಕು.”

“ಕೊಯ್ದಿರೋ ಡ್ಯಾಶ್‌ಬೋರ್ಡ್ ಏನ್ ಮಾಡ್ತೀಯ?”

“ಅದು ನನ್ ತಲೆನೋವು.”

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಮೂಟೆ ಏರಿಸಲು ಎದ್ದುಹೋದ. ನೇತ್ರಾವತಿ ಒಮ್ಮೆ ಅವನ ಕಡೆ ತಿರುಗಿ ನೋಡಿ, ನೇರವಾಗಿ ಪರದೆ ಮಾರಿದ ಅಂಗಡಿಗೆ ನಡೆದಳು. ಅಂಗಡಿಯ ಸಿದ್ದಲಿಂಗೇಶ್ ಒಳ್ಳೆಯ ಮಾತಿನವನು. ತಿರುಗಿಸುವ ಗುಂಡಿಯ ಸೆಟ್ಟು ಈಗ ಯಾರೂ ಕೇಳುವುದಿಲ್ಲ ಮೇಡಂ, ತರಿಸಿದರೆ ಹಾಗೇ ಕೂತುಬಿಡುತ್ತದೆ ಎಂದ. ಬೇಕಾದರೆ ಪರದೆ ಹಾಗೇ ಇರಲಿ, ಸ್ಟೇರಿಂಗಿಗೆ ಕಟ್ಟುವ ಸಣ್ಣ ರಿಮೋಟು ಕೊಡುತ್ತೇನೆ ಎಂದು ತೋರಿಸಿದ. ನೇತ್ರಾವತಿ ಅದನ್ನು ಕಟ್ಟಿಸಿಯೇ ನೋಡಿದಳು. ಸ್ಟೇರಿಂಗನ್ನು ಪೂರ್ತಿ ತಿರುಗಿಸುವಾಗ ಅಂಗೈ ಅದರ ಮೇಲೆ ಬಿದ್ದು ದನಿ ಒಮ್ಮೆಲೇ ಕಿರುಚಿತು. ಸಿದ್ದಲಿಂಗೇಶನೇ ನಕ್ಕು ಬಿಚ್ಚಿಕೊಂಡ.

ನಲ್ಲೂರಿನ ಲಕ್ಷ್ಮಕ್ಕ ಅವಳ ಬಳಿ ಹಿಂದೆ ಕಲಿತವಳು. ಚನ್ನಗಿರಿಯ ಬಸ್ ನಿಲ್ದಾಣದ ಹತ್ತಿರ ಮಹೇಶ್ವರಪ್ಪನವರ ಅಂಗಡಿಯಲ್ಲಿ ಟ್ರ್ಯಾಕ್ಟರಿಗೆ, ಹಳೇ ಜೀಪಿಗೆ ಹಾಕುವ ಸೆಟ್ಟು ಸಿಗುತ್ತವೆ ಎಂದು ಫೋನಿನಲ್ಲಿ ಹೇಳಿದಳು. ಭಾನುವಾರ ನೇತ್ರಾವತಿ ಕಾರು ತೆಗೆದಳು. ಹಿಂದಿನ ಸೀಟಿನಲ್ಲಿ ಅಂಜಿನಪ್ಪ. ಬೇಡ ಬೇಡ ಎನ್ನುತ್ತಿದ್ದ ಗಾದ್ರಮ್ಮನನ್ನೂ, “ಆರಿಸಾಕೆ ಬರ್ರಿ, ಓಡಿಸಾಕಲ್ಲ” ಎಂದು ಹತ್ತಿಸಿಕೊಂಡಳು.

ಮಹೇಶ್ವರಪ್ಪ ಗಾಜಿನ ಮೇಜಿನ ಮೇಲೆ ಮೂರು ಸೆಟ್ಟುಗಳನ್ನು ಸಾಲಾಗಿಟ್ಟರು. ಮೂರೂ ಹಳೇ ಕಾರಿನ ಸಣ್ಣ ಕಿಂಡಿಯ ಅಳತೆಯವು. ಎಲ್ಲದರಲ್ಲೂ ರೇಡಿಯೋ ಇತ್ತು, ಪೆನ್‌ಡ್ರೈವ್ ಚುಚ್ಚಲು ಜಾಗ ಇತ್ತು, ಫೋನಿನಿಂದ ಹಾಡು ಬರುವ ಬ್ಲೂಟೂತೂ ಇತ್ತು. ನೇತ್ರಾವತಿ ಗಾದ್ರಮ್ಮನಿಗೆ ಬೀದಿಯ ಕಡೆ ಮುಖ ಮಾಡಿ ನಿಲ್ಲಲು ಹೇಳಿದಳು. “ಬಸ್ಸು ನೋಡ್ತಾ ಇರ್ರಿ. ಎಡಗೈಲಿ ದನಿ ಏರಿಸ್ರಿ, ಇಳಿಸ್ರಿ.”

ಮೊದಲನೆಯದರಲ್ಲಿ ಎಲ್ಲ ಗುಂಡಿಗಳೂ ಅಕ್ಕಿಕಾಳಿನಷ್ಟು ಸಣ್ಣವು, ಒಂದರ ಪಕ್ಕ ಒಂದು. ಗಾದ್ರಮ್ಮ ಒತ್ತಿದ್ದಕ್ಕೆ ರೇಡಿಯೋ ಆರಿಯೇ ಹೋಯಿತು. ಎರಡನೆಯದಕ್ಕೆ ತಿರುಗಿಸುವ ಗುಂಡಿ ಇತ್ತು. ಆದರೆ ನುಣುಪು, ಬೆವರಿದ ಬೆರಳು ಜಾರುತ್ತಿತ್ತು. ಸಾಲದ್ದಕ್ಕೆ ಅದರ ದೀಪಗಳು ಹಾಡಿಗೆ ತಕ್ಕಂತೆ ಕುಣಿಯುತ್ತಿದ್ದವು. ಮೂರನೆಯದು ನೋಡಲು ಸಪ್ಪೆ. ಎಡ ತುದಿಯಲ್ಲಿ ಬಾಟಲಿ ಮುಚ್ಚಳದಷ್ಟು ದಪ್ಪ ಗುಂಡಿ, ಅಂಚಿಗೆ ಗೀರುಗಳು. ತಿರುಗಿಸಿದರೆ ಬೆರಳಿಗೆ ಟಿಕ್ ಟಿಕ್ ಎಂದು ತಿಳಿಯುತ್ತಿತ್ತು.

“ಇದು ಸಿಕ್ತು” ಎಂದಳು ಗಾದ್ರಮ್ಮ, ಬಸ್ಸುಗಳ ಮೇಲಿನ ಕಣ್ಣು ತೆಗೆಯದೆ.

“ಆದ್ರೆ ಗುಂಡಿ ಎಡ ತುದಿಗೈತೆ. ಡ್ರೈವರಿಗೆ ದೂರ ಆಗಲ್ವ?” ಎಂದು ಮಹೇಶ್ವರಪ್ಪನವರೇ ಸಂಶಯ ಎತ್ತಿದರು. ನೇತ್ರಾವತಿ ಅದನ್ನು ಯೋಚಿಸಿರಲಿಲ್ಲ. ಸೆಟ್ಟನ್ನು ಕಾರಿಗೆ ತಂದು, ಪರದೆ ಬಿಚ್ಚಿಸಿ, ಕಿಂಡಿಯ ಜಾಗದಲ್ಲಿ ಹಿಡಿದು, ಡ್ರೈವರ್ ಸೀಟಿನಲ್ಲಿ ಕೂತು ಕೈ ಚಾಚಿ ನೋಡಿದಳು. ಗೇರಿನಿಂದ ಮೇಲೆತ್ತಿದ ಕೈ ಎಟುಕಿತು, ಭುಜ ಮುಂದೆ ಬಾಗಬೇಕಾಗಲಿಲ್ಲ. ಕಲಿಸುವಾಗ ಕೂರುವ ಪಕ್ಕದ ಸೀಟಿನಿಂದ ಅವಳಿಗೂ ಹತ್ತಿರವಾಯಿತು. ಇನ್ನುಳಿದದ್ದು ದನಿ. ಅದನ್ನು ಅಂಜಿನಪ್ಪನಿಗೆ ಬಿಟ್ಟಳು. ಮಹೇಶ್ವರಪ್ಪ ತಾತ್ಕಾಲಿಕವಾಗಿ ವೈರು ಜೋಡಿಸಿ ಹಾಕಿದ ಮೇಲೆ, ಅವನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದ.

“ಆ ಪರದೆಯಷ್ಟು ಚೆಂದ ಇಲ್ಲ. ಆದ್ರೆ ಮಾತು ಬಿಡಿಬಿಡಿಯಾಗಿ ಕೇಳ್ತೈತೆ” ಎಂದ. “ರಸ್ತೆ ಮ್ಯಾಲೆ ರೇಡಿಯೋ ನಿಲ್ತತೇನೋ ನೋಡಬೇಕು. ನಲ್ಲೂರು ಕಡೆ ಒಂದು ಸುತ್ತು ಹೋಗಿಬರಾಣ.”

ನೇತ್ರಾವತಿ ಇಳಿದು ಎಡಬದಿಗೆ ಬಂದಳು. ಡ್ರೈವರ್ ಸೀಟಿನ ಬಾಗಿಲು ತೆರೆದೇ ಇತ್ತು. “ಗಾದ್ರಮ್ಮ, ಹತ್ರಿ.”

“ಓಡಿಸಾಕಲ್ಲ ಅಂದಿದ್ರಿ.”

“ಈಗ ಓಡಿಸಾಕೆ ಅಂತಿದ್ದೀನಿ.”

ಗಾದ್ರಮ್ಮ ಸೆರಗು ಬಿಗಿದುಕೊಂಡು ಹತ್ತಿದಳು. ಊರು ದಾಟುವವರೆಗೂ ಅವಳ ಭುಜ ಕಲ್ಲಾಗಿತ್ತು. ಭದ್ರಾವತಿ ಆಕಾಶವಾಣಿಯಲ್ಲಿ ಕೃಷಿ ಇಲಾಖೆಯವರು ಯಾರೋ ಈರುಳ್ಳಿ ಕೂಡಿಡುವ ಬಗ್ಗೆ ಮಾತಾಡುತ್ತಿದ್ದರು. ಎದುರಿಗೆ ಬಂದ ಲಾರಿಗೆ ದಾರಿ ಕೊಟ್ಟು, ಗೇರು ಬದಲಿಸಿ, ಮತ್ತೆ ವೇಗ ಹಿಡಿಯುವಾಗ ಗಾದ್ರಮ್ಮ ಇದ್ದಕ್ಕಿದ್ದಂತೆ ಅಂದಳು: “ಹಂಗೆ ರಾಶಿ ಹಾಕಿದ್ರೆ ಕೊಳೀತದೆ ಕಣಪ್ಪ! ನಮ್ ಕಡೆ ಚಪ್ಪರ ಕಟ್ಟಿ ಹಾಕ್ತೀವಿ.”

ಯಾರಿಗೆ ಹೇಳಿದಳು ಎಂದು ಅಂಜಿನಪ್ಪ ಕಣ್ಣು ಬಿಟ್ಟ. ಅವಳು ರೇಡಿಯೋಗೇ ಹೇಳಿದ್ದಳು. ಕಣ್ಣು ರಸ್ತೆಯ ಮೇಲೇ ಇತ್ತು. ಆಮೇಲೆ ಎಡಗೈ ಹೋಗಿ ಗುಂಡಿ ಹಿಡಿದು ದನಿಯನ್ನು ಕೊಂಚ ಏರಿಸಿತು. ನೇತ್ರಾವತಿ ಕಿಟಕಿಯ ಕಡೆ ತಿರುಗಿ ಕೂತಳು. ಅವಳ ಮುಖದ ನಗೆ ಯಾರಿಗೂ ಕಾಣುವುದು ಬೇಕಿರಲಿಲ್ಲ.

ಸಂಜೆ ಮನೆ ಸೇರುವಾಗ ಡ್ಯಾಶ್‌ಬೋರ್ಡಿನಲ್ಲಿ ದೊಡ್ಡ ಬಾಯಿ ತೆರೆದುಕೊಂಡು, ಅದರೊಳಗೆ ಸಣ್ಣ ಸೆಟ್ಟು ವೈರಿನಲ್ಲಿ ಜೋತಾಡುತ್ತಿತ್ತು. ಅದಕ್ಕೆ ಬಡಗಿ ಹನುಮಣ್ಣನನ್ನು ಕರೆಸಿದಳು. ಬಾಗಿಲು ಕಿಟಕಿ ಮಾಡುವವನು, ಕಾರಿಗೆ ಕೈ ಹಾಕಿದವನಲ್ಲ. ಮೊದಲ ಸಲ ಕೊಯ್ದ ಹಲಗೆ ಒಂದು ಬದಿಗೆ ಓರೆಯಾಗಿ ಕೂತಿತು. ಬೈದುಕೊಂಡು ಇನ್ನೊಂದು ಕೊಯ್ದ. ಎರಡನೆಯದು ಹೊಂದಿತು. ತೇಗದ ತೆಳು ಹಲಗೆ, ನಡುವೆ ಸೆಟ್ಟು, ಅದರ ಕೆಳಗೆ ಕನ್ನಡಕ, ಬಸ್ ಟಿಕೆಟ್ಟು, ಕೂದಲ ಪಿನ್ನು ಇಡಲು ಒಂದು ಗೂಡು. ಗೂಡು ಅವನಿಗೆ ತಾನಾಗಿ ಹೊಳೆದದ್ದು. ಮೆರುಗೆಣ್ಣೆ ಹಚ್ಚಿದ ಮೇಲೆ ಹಳೇ ಕಾರಿನ ಒಳಗೆ ಒಂದು ಹೊಸ ಕಳೆ ಬಂತು.

ನಿಂಗರಾಜ್ ಕೆಲವು ದಿನ ಫೋನು ಎತ್ತಲಿಲ್ಲ. ನೇತ್ರಾವತಿ ಪರದೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಹಿಂದಿನ ಕ್ಯಾಮೆರಾ ಸಮೇತ ಹೊನ್ನಾಳಿಗೆ ತಾನೇ ಒಯ್ದಳು. ಟೆಂಪೋದ ಬಾಗಿಲ ಬಳಿ ನಿಂತು, “ನೀನು ಮೂಟೆ ತುಂಬ್ಕಂಡು ಹಿಂದಕ್ಕೆ ತೆಗೀವಾಗ ಏನೂ ಕಾಣಲ್ಲ ಅಂತ ಬೈತಿರ್ತೀಯಲ್ಲ. ಇದು ನಿಂಗೆ ಬೇಕಾಗಿದ್ದು. ಓಡೋವಾಗ ಆರಿಸ್ಕ, ಹಿಂದಕ್ಕೆ ತೆಗೀವಾಗ ಹಾಕ್ಕ” ಎಂದಳು. ಅವನು ಗಂಟು ಮುಖದಲ್ಲೇ ತೆಗೆದುಕೊಂಡ. ಆಮೇಲೆ ಕಾರಿನೊಳಗೆ ತಲೆ ಹಾಕಿ ಹಲಗೆಯನ್ನೊಮ್ಮೆ ತಟ್ಟಿದ. “ಯಾರ್ ಮಾಡಿದ್ದು ಇದು? ಪರವಾಗಿಲ್ವೇ” ಎಂದ. ಅಷ್ಟು ಸಾಕಾಯಿತು. ಇಬ್ಬರೂ ಹೋಟೆಲಿಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು.

ಗಾದ್ರಮ್ಮ ದಾವಣಗೆರೆಯ ಪರೀಕ್ಷೆಯಲ್ಲಿ ದಿಬ್ಬ ಹತ್ತುವಾಗ ಒಮ್ಮೆ ಗಾಡಿ ಆಫ್ ಮಾಡಿಕೊಂಡಳು. ಮತ್ತೆ ಶುರು ಮಾಡಿ ಹತ್ತಿಸಿದಳು. ಪಾಸಾದಳು. ಈಗ ಜಗಳೂರಿನ ಮಾರುಕಟ್ಟೆಗೆ ಪಿಕಪ್ ಅವಳೇ ತರುತ್ತಾಳಂತೆ. ಚಿತ್ತಪ್ಪ ಪಕ್ಕದ ಸೀಟಿನಲ್ಲಿ ನಿದ್ದೆ ಹೊಡೆಯುತ್ತ ಬರುತ್ತಾನಂತೆ. ಫೋನು ಮಾಡಿದಾಗೆಲ್ಲ ಅವಳು ನಗುತ್ತ ಹೇಳುವುದು ಅದನ್ನೇ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ನಿಂಗರಾಜ್ ನ್ಯಾಮತಿಗೆ ಬಂದ. ಜೊತೆಗೆ ಹೆಂಡತಿ ಲಕ್ಷ್ಮಿದೇವಿ ಇದ್ದಳು. ನೀರು ಕುಡಿದು, ಊರಿನ ಸುದ್ದಿ ಎಲ್ಲ ಆಡಿ ಮುಗಿಸಿ, ಏಳುವ ಹೊತ್ತಿಗೆ ಅವನು ಅಂಗಳದ ಕಾರಿನ ಕಡೆ ನೋಡುತ್ತ ಅಂದ: “ಇವಳಿಗೂ ಕಲಿಸ್ತೀಯೇನಕ್ಕ? ನಾನೇ ಕಲಿಸಾಕೆ ಹೋದೆ. ಇಬ್ಬರೂ ಜಗಳ ಆಡಿ ಅರ್ಧ ದಾರಿಯಿಂದ ನಡ್ಕಂಡು ಬಂದ್ವಿ.”

“ಇವ್ರು ಬೈಯ್ಯೋದು ನಿಲ್ಸಲ್ಲ ಅತ್ತಿಗೆ” ಎಂದಳು ಲಕ್ಷ್ಮಿದೇವಿ.

“ನನ್ ಕಾರಿನಾಗೆ ಯಾರೂ ಬೈಯಂಗಿಲ್ಲ” ಎಂದಳು ನೇತ್ರಾವತಿ. ಲಕ್ಷ್ಮಿದೇವಿಯ ಎತ್ತರವನ್ನು ಕಣ್ಣಲ್ಲೇ ಅಳೆದು, ಸೀಟಿಗೆ ಹಾಕಲು ಒಂದು ದಿಂಬು ಬೇಕಾಗುತ್ತದೆ ಎಂದುಕೊಂಡಳು. “ಸೋಮವಾರ ಬಾ. ಬೆಳಿಗ್ಗೆ ಬಿಸಿಲು ಏರೋದ್ರೊಳಗೆ ಬಾ. ಬಯಲು ಖಾಲಿ ಇರ್ತತಿ.”